ಒತ್ತದ ಹೆಬ್ಬೆಟ್ಟು

ನಮ್ಮದೇ ಸಂವಿಧಾನ ಬಂದು ನಾಲ್ಕಾರು ವರ್ಷವಾಗಿತ್ತು. ಮುದ್ದೇಬಿಹಾಳದ ನಮ್ಮ ವಕೀಲರಿಗೆ ಮಾತ್ರ ಅಮೇರಿಕದ್ದೇ ಧ್ಯಾನ. ನಶ್ಯ ಏರಿಸಿ, ಬೆರಳನ್ನು ಧೋತರಕ್ಕೆ ಒರೆಸಿ, ನಾಳೆ ಹೆಚ್ಚಿಗೆ ಹಾಲು ತರುತ್ತೇನೆಂದ ಹಾಲಿನವಳಿಗೂ "ಬರದು ಕೊಡ್ತೀಯೇನು?" ಎನ್ನುತ್ತಿದ್ದರು.

"ಅಮೇರಿಕಾದಾಗ ಸಂವಿಧಾನ ಬರದಾಗ ಮೊದಲಿಗೆ ಅದರಾಗ ಮಂದಿ ಹಕ್ಕಿನ ಪಟ್ಟೀನ ಇರಲಿಲ್ಲ. ರಾಜ್ಯದವರು ತಕರಾರು ತಗದ್ರು. ಹಕ್ಕು ಬರೀರಿ, ಇಲ್ಲಾಂದ್ರ ಒಪ್ಪಂಗಿಲ್ಲ ಅಂದ್ರು. ಹಕ್ಕು ಯಾರೂ ದಾನಾ ಕೊಡಂಗಿಲ್ಲೋ, ಅಡ್ಡಗಾಲು ಹಾಕಿ ಬರಸ್ಕೋಬೇಕು!"

ಅವರ ಕಾರಕೂನನಾದ ನಾನು ಇದನ್ನು ನೂರು ಸಲ ಕೇಳಿದ್ದೆ. ಅಂಗಳದಲ್ಲಿ ಕೂತು ಕೇಳುತ್ತಿದ್ದವನು ಇನ್ನೊಬ್ಬನಿದ್ದ, ಅವರ ಹೊಲದ ಆಳು. ಊರಾಚೆಯ ಕೇರಿಯವನಾದ್ದರಿಂದ ಕಟ್ಟೆ ಹತ್ತುವಂತಿರಲಿಲ್ಲ. ಚಹಾಕ್ಕೆ ಅವನಿಗೆ ಬೇರೆ ಬಟ್ಟಲು, ಹೊರಗೋಡೆಯ ಗೂಡಿನಲ್ಲಿ.

ಯುಗಾದಿಗೆ ಅವನ ವರ್ಷದ ಕರಾರು. ನಾನು ಅಂಗಳಕ್ಕಿಳಿದು ಓದಿ ಹೇಳಿದೆ. ಅವನು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕಾಗದದ ಹತ್ತಿರ ತಂದವನು ಅಲ್ಲೇ ತಡೆದ.

"ಕಟ್ಟಿ ಮ್ಯಾಲ ಕುಂತು ನಿಮ್ಮ ಕಪ್ಪಿನಾಗ ನಾ ಚಾ ಕುಡೀಬೌದಂತ ಇದರಾಗ ಬರದಿಲ್ಲಲ್ರಿ, ವಕೀಲ್ರ."

ವಕೀಲರು ನಶ್ಯದ ಡಬ್ಬಿಯನ್ನು ಎರಡು ಸಲ ತೆರೆದು ಮುಚ್ಚಿದರು.

"ಮೊದಲ ಹೆಬ್ಬಟ್ಟ ಒತ್ತು. ಹಕ್ಕು ಆಮ್ಯಾಲ ಬರೀತೇನಿ. ಅಮೇರಿಕಾದಾಗೂ ಹಂಗ ಆಗೇತಿ. ಬರೀತೇವಿ ಅಂತ ಮಾತು ಕೊಟ್ರು, ರಾಜ್ಯದವರು ಒಪ್ಪಿದ್ರು, ಹಕ್ಕು ಹಿಂದಿಂದ ಬಂತು."

ಅದೂ ನಿಜವೇ. ನಮ್ಮ ವಕೀಲರು ಇತಿಹಾಸವನ್ನು ಎಂದೂ ತಪ್ಪು ಹೇಳಿದವರಲ್ಲ.

ಆಳು ಹೆಬ್ಬೆಟ್ಟಿನ ಮಸಿಯನ್ನು ತನ್ನ ಧೋತರಕ್ಕೆ ಒರೆಸಿಕೊಂಡ.

"ಅವರು ನಂಬಿ ಒಪ್ಪಿದ್ರರಿ. ಅವರಿಗೆ ಮಾತು ಕೊಟ್ಟವರು ನೀವಲ್ಲಲ್ರಿ."