ಕಾರವಾರದಾಗ ಒಂದು ಸೋಮವಾರ

ಸೋಮವಾರ ನಮ್ಮ ಬೆಟಗೇರಿ ಮನ್ಯಾಗ ಮಗ್ಗಕ್ಕ ಸೂಟಿ. ಕಾರವಾರಕ್ಕ ಹೋಗೂಣು, ದಿನಪೂರ್ತಿ ಸಮುದ್ರ ನೋಡೂಣು, ನೇಯೂ ಮಾತು ಮಾತ್ರ ಎತ್ತಬಾರ್ದು ಅಂತ ಮನಿಯವ್ರ ಕಡಿಂದ ಆಣಿ ಮಾಡಿಸಿ, ನಾನೂ ಮಾಡಿದ್ದೆ.

ದಂಡಿ ಮ್ಯಾಲ ಯಾರೋ ಉಸುಕು ತೋಡಿ ಕುಣಿ ಮಾಡಿದ್ರು. ಅದರಾಗ ಕಾಲು ಇಳಿಬಿಟ್ಟು ಕುಂತೆ. ತೆರಿ ಬರೂದು, ಬಿಳಿ ನೊರಿ ಬಿಟ್ಟು ಹೋಗೂದು. ನೋಡಕೋತ ನೋಡಕೋತ ಮಂಪರು ಹತ್ತಿತು.

ಎಳನೀರು ಮಾರಾಕಿ ಬಂದು ಕೇಳಿದ್ಲು: "ಎಂತಾ ಅಕ್ಕಾ, ಕಾಲು ನೋವಾ? ಒಂದಾದ್ಮೇಲೆ ಒಂದು ಮರಳಿಗೆ ಒತ್ತುತ್ತಾ ಇದ್ದೀರಿ."

ಬಗ್ಗಿ ನೋಡಿದ್ರ ಖರೇನ. ಮಗ್ಗದ ಕುಣ್ಯಾಗ ಕುಂತು ಕಾಲಮಣಿ ತುಳದಂಗ, ಒಂದೊಂದು ತೆರಿ ಬಂದಾಗೂ ಒಂದೊಂದು ಕಾಲು ತುಳಿಯಾಕ ಹತ್ತಿತ್ತು.

ಮನಿಯವ್ರು ನಕ್ಕರು. "ಆಣಿ ಮುರದಿ ನೋಡು."

"ಆಣಿ ಬಾಯಿಗೆ ಇತ್ರಿ," ಅಂದೆ. "ಸೂಟಿ ಖಬರ ಕಾಲಿಗೆ ಇನ್ನೂ ಮುಟ್ಟಿಲ್ಲ."