ಕೈ ಹಿಂದೆ ಕಟ್ಟಿ ನಿಲ್ಲುವ ನಿಧಾನಮ್ಮ

ಬೆಳಗಿನ ಐದೂಮುಕ್ಕಾಲು. ಎರಡನೇ ಮಹಡಿಯ ಏಳನೇ ಕೋಣೆಯಲ್ಲಿ ಎಪ್ಪತ್ತೊಂಬತ್ತರ ಹಿರಿಯರೊಬ್ಬರು ಮಂಚದ ಅಂಚಿನಲ್ಲಿ ಕೂತು ಅಂಗಿಯ ಗುಂಡಿಯೊಂದಿಗೆ ಗುದ್ದಾಡುತ್ತಿದ್ದಾರೆ. ನಾಲ್ಕು ಹೆಜ್ಜೆ ಆಚೆ, ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತಿದ್ದಾರೆ. ಗುಂಡಿ ಕಾಜದವರೆಗೆ ಹೋಗುತ್ತದೆ, ಜಾರುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಜಾರುತ್ತದೆ. ನೋಡುವವರಿಗೇ ಮೈ ಪರಚಿಕೊಳ್ಳುವಂತಾಗುತ್ತದೆ, ಆಕೆ ಮಾತ್ರ ಜಪ್ಪಯ್ಯ ಎಂದರೂ ಅಲುಗಾಡುವುದಿಲ್ಲ.

"ಏನ್ ನೋಡ್ತೀಯ? ಸಿನಿಮಾ ನಡೀತಿದ್ಯಾ ಇಲ್ಲಿ?" ಹಿರಿಯರು ಸಿಡುಕುತ್ತಾರೆ.

"ಹೂಂ ಮಾವ. ಸೀಟು ಸಿಗ್ಲಿಲ್ಲ, ಅದಕ್ಕೇ ನಿಂತ್ಕೊಂಡು ನೋಡ್ತಿದ್ದೀನಿ."

ಹಿರಿಯರಿಗೆ ನಗು ತಡೆಯುವುದಿಲ್ಲ. ಐವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ದರ್ಜಿ ಅವರು, ಇಲ್ಲಿ ಎಲ್ಲರಿಗೂ ಟೈಲರ್ ಮಾವ. ಒಂದೂವರೆ ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಅರ್ಧ ಸೋತಿದೆ. ಅಂದಿನಿಂದ ಅವರು ಸೂಜಿ ಮುಟ್ಟಿಲ್ಲ. ಹೊಲಿಗೆ ಯಂತ್ರ ಕಿಟಕಿಯ ಪಕ್ಕ ಮುಸುಕು ಹೊದ್ದು ಕೂತಿದೆ.

ನೀಲಿ ಕೋಟಿನವರಿಗೆ ಐವತ್ತೆರಡು ವರ್ಷ. ಬಾಯಿ ತೆರೆದರೆ "ನಿಧಾನ, ನಿಧಾನ" ಎನ್ನುವುದರಿಂದ ಇಲ್ಲಿನ ಹಿರಿಯರೇ ಅವರಿಗೆ ನಿಧಾನಮ್ಮ ಎಂದು ಹೆಸರಿಟ್ಟಿದ್ದಾರೆ. ಹನ್ನೆರಡು ವರ್ಷಗಳಿಂದ ಈ ಮನೆಯಲ್ಲಿ ಆರೈಕೆಯ ಕೆಲಸ. ಇದನ್ನು ವೃದ್ಧಾಶ್ರಮ ಎಂದೀರಿ ಜೋಕೆ, ಇಲ್ಲಿರುವವರಿಗೆ ಮೂಗಿನ ತುದಿಯಲ್ಲೇ ಕೋಪ. ಒಂಟಿಯಾಗಿರಲು ಆಗದ, ಆಸ್ಪತ್ರೆಯಲ್ಲಿ ಮಲಗುವಷ್ಟು ಸೋಲದ ಇಪ್ಪತ್ತಾರು ಮಂದಿ ಇದ್ದಾರೆ. ಅವರವರ ಕೋಣೆ, ಅವರವರ ಬೀಗದ ಕೈ, ಮನೆಯಿಂದ ತಂದ ಕುರ್ಚಿ, ಕಪಾಟು. ಬಾಗಿಲಿಗೆ ಹೊಸ್ತಿಲಿಲ್ಲ, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಕಂಬಿ, ಮಂಚದ ಪಕ್ಕ ಎಳೆದರೆ ಗಂಟೆ ಬಾರಿಸುವ ಹಗ್ಗ. ಮಾತ್ರೆ ಕೊಡಲು ನರ್ಸ್ ಬರುತ್ತಾರೆ. ಮಿಕ್ಕಿದ್ದೆಲ್ಲ, ಬೇಕಾದಷ್ಟೇ ನೆರವು.

ಆ "ಬೇಕಾದಷ್ಟೇ" ಎಂಬುದರ ಅಳತೆ ನಿಧಾನಮ್ಮನಿಗೆ ಸುಲಭವಾಗಿ ಸಿಕ್ಕಿದ್ದಲ್ಲ. ಸೇರಿದ ಹೊಸದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರನ್ನು ಅಂಗೈ ಮೇಲಿಟ್ಟುಕೊಂಡು ನೋಡಿಕೊಂಡರಂತೆ. ತಲೆ ಬಾಚಿ, ತುತ್ತು ಬಾಯಿಗಿಟ್ಟು, ನೀರಿನ ಲೋಟವನ್ನೂ ತಾವೇ ಹಿಡಿದು. ಮೂರೇ ತಿಂಗಳಲ್ಲಿ ಟೀಚರಮ್ಮನ ಕೈ ಚಮಚ ಹಿಡಿಯುವುದನ್ನೇ ಬಿಟ್ಟಿತು. ಅವರನ್ನು ಕೆಳಗಿನ ವಾರ್ಡಿಗೆ ಸಾಗಿಸಿದರು. ಅಲ್ಲಿ ಸಾಲು ಮಂಚ, ಎಲ್ಲವೂ ಬೇರೆಯವರ ಕೈಯಲ್ಲಿ.

"ಅವರು ಹೋಗುವಾಗ ನನಗೇ ಕೈಮುಗಿದ್ರು. ಎಷ್ಟು ಚೆನ್ನಾಗಿ ನೋಡ್ಕೊಂಡೆ ಅಂದ್ರು. ನನ್ನ ಜೀವ ಹಿಡಿಯಷ್ಟಾಯ್ತು," ಎನ್ನುತ್ತಾರೆ ನಿಧಾನಮ್ಮ. ಅತಿಯಾದರೆ ಅಮೃತವೂ ವಿಷ ಎಂದು ಹೇಳುವವರು ಬಹಳ, ಅದನ್ನು ಉಣ್ಣಿಸಿದ ಕೈ ತನ್ನದೇ ಎಂದು ಒಪ್ಪಿಕೊಳ್ಳುವವರು ಕಡಿಮೆ. "ಅವತ್ತಿಂದ ಈ ಕೈಗಳನ್ನ ಹಿಂದೆ ಕಟ್ಕೊಂಡೇ ಇರ್ತೀನಿ. ಮುಂದೆ ಬಿಟ್ರೆ ಸುಮ್ನಿರಲ್ಲ ಇವು."

ಒಂಬತ್ತು ಕೋಣೆಗಳು ಅವರ ಪಾಲಿಗೆ. ಐದು ಗುಂಡಿ ಹಾಕಲು ಟೈಲರ್ ಮಾವನಿಗೆ ಹದಿನಾಲ್ಕು ನಿಮಿಷ ಬೇಕು, ನಿಧಾನಮ್ಮ ಹಾಕಿದರೆ ಒಂದು ನಿಮಿಷ. ಉಳಿದ ಹದಿಮೂರು ನಿಮಿಷ ಸುಮ್ಮನೆ ನಿಲ್ಲುವುದೇ ಸೊಂಟ ಮುರಿಯುವ ಕೆಲಸ. ಸಂಜೆ ಮನೆಗೆ ಹೋದಾಗ ಗಂಡ ಬಿಸಿನೀರು ಕಾಯಿಸಿಟ್ಟು, "ಇವತ್ತು ಎಷ್ಟು ಗಂಟೆ ಏನೂ ಮಾಡ್ಲಿಲ್ಲ?" ಎಂದು ಕೇಳುತ್ತಾರಂತೆ.

ತಮಾಷೆ ಎಲ್ಲರಿಗೂ ಅರ್ಥವಾಗುವುದಿಲ್ಲ. ಕಳೆದ ತಿಂಗಳು ಟೈಲರ್ ಮಾವನ ಮಗಳು ಬಂದಾಗ ಕಂಡದ್ದು ಒದ್ದಾಡುವ ಅಪ್ಪ, ಕೈಕಟ್ಟಿ ನಿಂತ ಕೆಲಸದವಳು. ಹೊಟ್ಟೆ ಉರಿಯದೆ ಇರುತ್ತದೆಯೇ? "ನೋಡ್ತಾ ನಿಲ್ಲೋಕೆ ಇವರು ಯಾಕೆ ಬೇಕು?" ಎಂದು ಕಚೇರಿಗೆ ದೂರು ಕೊಟ್ಟರು. ನಿಧಾನಮ್ಮ ಎದುರಾಡಲಿಲ್ಲ. "ಮಗಳಲ್ವಾ, ಕೂಗಾಡ್ಲೇಬೇಕು," ಎನ್ನುತ್ತಾರೆ.

ಇಂದು ಹತ್ತು ಗಂಟೆಗೆ ಪರಿಶೀಲನೆ. ಮೂರು ತಿಂಗಳಿಗೊಮ್ಮೆ ಹಿರಿಯ ನರ್ಸ್ ಬಂದು, ಯಾರು ತಮ್ಮ ಕೋಣೆಯಲ್ಲೇ ಇರಬಹುದು, ಯಾರು ಕೆಳಗಿನ ವಾರ್ಡಿಗೆ ಹೋಗಬೇಕು ಎಂದು ನಿರ್ಧರಿಸುತ್ತಾರೆ. ಬಟ್ಟೆ ತಾವೇ ತೊಡಬೇಕು, ತಾವೇ ಉಣ್ಣಬೇಕು. ಹೋದ ಸಲ ಟೈಲರ್ ಮಾವ ಮೂರನೇ ಗುಂಡಿಗೇ ಸೋತಿದ್ದರು. ಈ ಸಲವೂ ಸೋತರೆ ಕೋಣೆ ಖಾಲಿ ಮಾಡಬೇಕು, ಯಂತ್ರಕ್ಕೆ ಕೆಳಗೆ ಜಾಗವಿಲ್ಲ.

ಮಗಳೂ ಬಂದು ಕೂತಿದ್ದಾರೆ. ಹಿರಿಯ ನರ್ಸ್ ಎದುರು ಟೈಲರ್ ಮಾವ ಬೆಳಗಿನ ಅಂಗಿ ಬಿಚ್ಚಿ ಬೇರೊಂದು ತೊಡುತ್ತಾರೆ. ನಾಲ್ಕು ಗುಂಡಿ ಹೇಗೋ ಆಗುತ್ತದೆ, ಐದನೆಯದು ಹಟ ಹಿಡಿಯುತ್ತದೆ. ಅಪ್ಪನ ಹಣೆಯ ಬೆವರು ನೋಡಲಾರದೆ ಮಗಳು ಎದ್ದು ಕೈ ಚಾಚುತ್ತಾರೆ. ನಿಧಾನಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳುತ್ತಾರೆ. "ಒಂದ್ನಿಮಿಷ ತಡೀರಿ ಅಕ್ಕಾ. ನನ್ನ ಕೈ ಹಿಡ್ಕೊಂಡಿರಿ, ಬೇಕಾದ್ರೆ ಚಿವುಟಿ." ಮಗಳು ನಿಜಕ್ಕೂ ಗಟ್ಟಿಯಾಗಿ ಹಿಡಿಯುತ್ತಾರೆ. ಒಂದಲ್ಲ, ಮೂರು ನಿಮಿಷ. ಗುಂಡಿ ಕಾಜದೊಳಗೆ ನುಸುಳುತ್ತದೆ. ಹಿರಿಯ ನರ್ಸ್ ಹಾಳೆಯಲ್ಲಿ ಬರೆದುಕೊಂಡು, "ಇಲ್ಲೇ ಇರಿ ಯಜಮಾನ್ರೇ," ಎನ್ನುತ್ತಾರೆ. ಮಗಳು ಅಳುತ್ತಾರೆ, ನಿಧಾನಮ್ಮನ ಕೈ ಬಿಡುವುದನ್ನು ಮರೆತೇಬಿಟ್ಟಿದ್ದಾರೆ.

ಟೈಲರ್ ಮಾವ ಅಳುವವರಲ್ಲ. ನಿಧಾನಮ್ಮನನ್ನು ಮೇಲಿಂದ ಕೆಳಗೆ ಅಳೆಯುತ್ತಾರೆ. "ನಿನ್ನ ಕೋಟಿನ ಗುಂಡಿ ಜೋತಾಡ್ತಿದೆ. ನಾನಿರೋ ಮನೇಲಿ ಹೀಗಾ ಓಡಾಡೋದು? ಬಿಚ್ಚು. ಆ ಡಬ್ಬೀಲಿ ಸೂಜಿ ಇದೆ, ದಾರ ಪೋಣಿಸ್ಕೊಡು. ಅಷ್ಟು ಮಾಡು ಸಾಕು."

ಆಕೆ ಅಷ್ಟನ್ನೇ ಮಾಡಿ ಹಿಂದೆ ಸರಿದು ನಿಲ್ಲುತ್ತಾರೆ. ಇಪ್ಪತ್ತೆರಡು ನಿಮಿಷ. ಎಂಟನೇ ಕೋಣೆಯ ಗಂಟೆ ಎರಡು ಸಲ ಹೊಡೆಯುತ್ತದೆ, ಹಿರಿಯ ನರ್ಸೇ ಎದ್ದು ಹೋಗಿ ನೋಡಿಕೊಳ್ಳುತ್ತಾರೆ.

ಹೊಲಿಗೆ ವಕ್ರವಾಗಿದೆ, ದಾರ ಬೇರೆ ಬಣ್ಣದ್ದು. ಕೋಟು ತೊಟ್ಟು ಕಾರಿಡಾರಿಗೆ ಬಂದ ನಿಧಾನಮ್ಮ ಆ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ.

"ಹನ್ನೆರಡು ವರ್ಷದಲ್ಲಿ ಎಷ್ಟು ಜನರ ಗುಂಡಿಗೆ ಕಾದಿದ್ದೀನೋ ಲೆಕ್ಕ ಇಲ್ಲ. ನನಗೆ ಅಂತ ಗುಂಡಿ ಹೊಲಿದುಕೊಟ್ಟೋರು ಇವರೇ ಮೊದಲು."