ಪ್ರೊಫೈಲ್ ಪುಷ್ಪಲತಾ

ಅರಸೀಕೆರೆಯ ನಮ್ಮ ಪಕ್ಕದ ಮನೆಯ ಪುಷ್ಪಲತಾ ಕೊಬ್ಬರಿ ಮಂಡಿಯವರ ಹೆಂಡತಿ. ಮಗಳು ಮೇಘಶ್ರೀಯನ್ನು ಹೆತ್ತ ಸುಸ್ತಿಗಿಂತ ಅವಳ ಪ್ರೊಫೈಲ್ ಕಟ್ಟುವ ಸುಸ್ತೇ ಅವರಿಗೆ ಹೆಚ್ಚು. ಒಟ್ಟಿಗೇ ಎರಡು ಡಿಗ್ರಿ ಕೊಡುವ ಒಂದು ದೊಡ್ಡ ಕಾಲೇಜಿಗೆ ಅವಳನ್ನು ಸೇರಿಸಬೇಕು, ಅಲ್ಲಿಗೆ ಬರೀ ಅಂಕ ಸಾಲದಂತೆ; ಓದಿನಾಚೆ ಏನೇನು ಮಾಡಿದ್ದಾಳೆಂಬ ಪಟ್ಟಿಯೂ ಬೇಕಂತೆ, ಅದೇ ಪ್ರೊಫೈಲು. "ಪ್ರೊಫೈಲು ಅಂದ್ರೆ ಕೊಬ್ಬರಿ ಇದ್ದಂಗೆ ಕಣ್ರೀ, ಒಣಗೋಕೆ ಟೈಮ್ ಬೇಕು, ಎಂಟನೇ ಕ್ಲಾಸಲ್ಲೇ ಅಟ್ಟಕ್ಕೆ ಹಾಕ್ಬೇಕು" ಎನ್ನುತ್ತಾರೆ. ಹುಡುಗಿ ಹತ್ತಿರದ ಹಳ್ಳಿ ಕಣಕಟ್ಟೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರೆ ಫೋಟೊ, ಸಸಿ ನೆಟ್ಟರೆ ಫೋಟೊ, ಅದು ಒಣಗಿದರೆ ಇನ್ನೊಂದು ಸಸಿ, ಇನ್ನೊಂದು ಫೋಟೊ. ನನ್ನ ಮಗಳು ಭವ್ಯಾ ಶಾಲೆಗೇ ಮೊದಲು ಬಂದಳೆಂದು ಪೇಡೆ ಕೊಟ್ಟರೆ, "ಬರೀ ಮಾರ್ಕ್ಸಾ?" ಎಂದು ಕೇಳಿ ತಿಂದರು. ತಿಂದದ್ದು ಅವರು, ಉರಿಯುತ್ತಿರುವುದು ಇವತ್ತಿಗೂ ನನ್ನ ಹೊಟ್ಟೆ. ಕಳೆದ ಭಾನುವಾರ, ಈ ಪ್ರೊಫೈಲು ಕಟ್ಟುವುದನ್ನು ನಾವೂ ಕಲಿಯೋಣವೆಂದು ಭವ್ಯಾಳನ್ನು ಕರೆದುಕೊಂಡು ಅವರ ಜೊತೆ ಹಳೇಬೀಡಿಗೆ ಹೋದೆ. ಮೇಘಶ್ರೀ ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ಶಿಲ್ಪಗಳನ್ನು ವಿವರಿಸುತ್ತಿದ್ದಳು. ಪಿಯುಸಿ ಮುಗಿಯುವ ಮೊದಲೇ ಮದುವೆಯಾದ ಪುಷ್ಪಲತಾ, ವಿಡಿಯೊಗೆಂದು ಮೊಬೈಲು ಎತ್ತಿ ಹಿಡಿದು, ಮಗಳ ಒಂದೊಂದು ಮಾತನ್ನೂ ಸದ್ದಿಲ್ಲದೆ ತುಟಿಯಲ್ಲೇ ಆಡುತ್ತಿದ್ದರು. ಅವರ ಕಣ್ಣಲ್ಲಿ ಹೆಮ್ಮೆ ಹುಡುಕಿದೆ. ಸಿಕ್ಕಿದ್ದು ನನಗೆ ಚೆನ್ನಾಗಿ ಗೊತ್ತಿರುವ ನೋಟ. ನಾನು ಅವರ ಮನೆಯ ಕಡೆ ನೋಡುವುದೇ ಹಾಗೆ. ಮೊಬೈಲಿನತ್ತ ಕಣ್ಣು ಹಾಯಿಸಿದೆ. ರೆಕಾರ್ಡ್ ಒತ್ತಿರಲೇ ಇಲ್ಲ.